ಕ್ಯಾಸೆಟ್ಟಿನೊಳಗಿನ ಹುಳುಗಳು

ನಿಮ್ಮ ಹಳೆಯ ಕ್ಯಾಸೆಟ್ಟಿನ ಗದ್ದಲವನ್ನೆಲ್ಲ ಕಂಪ್ಯೂಟರಿನಲ್ಲಿ ತೊಳೆದು ತೆಗೆದಿದ್ದೇನೆ ಎಂದು ಬೆಂಗಳೂರಿನ ಯುವಕನೊಬ್ಬ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದ. ಅರಚಾಟವೇ ಹಾಡಾಗಿರುವ ಡೆತ್ ಮೆಟಲ್ ಆಲ್ಬಮ್ಮಿನಿಂದ ಗದ್ದಲ ತೆಗೆಯುವ ಮಹಾಶಯನನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಇಷ್ಟು ವರ್ಷದ ಮೇಲೆ ನಮ್ಮನ್ನು ಹುಡುಕಿಕೊಂಡು ಬಂದು, ನಮ್ಮ ಹಾಡನ್ನು ದೊಡ್ಡ ಕಪ್ಪು ತಟ್ಟೆಯ ರೆಕಾರ್ಡಾಗಿ ತರುತ್ತೇನೆ ಎಂದವನ ಕೈಗೆ ಇದ್ದೊಂದು ಮೂಲ ಕ್ಯಾಸೆಟ್ಟನ್ನೂ ಕೊಟ್ಟು ಕಳಿಸಿದ್ದೆ.

ಆ ಕ್ಯಾಸೆಟ್ ಹುಟ್ಟಿದ್ದು ಚನ್ನಪಟ್ಟಣ ತಾಲ್ಲೂಕಿನ ನಮ್ಮೂರಿನಲ್ಲಿ, ರೇಷ್ಮೆ ಹುಳು ಸಾಕುತ್ತಿದ್ದ ನಮ್ಮ ಹುಳು ಮನೆಯಲ್ಲಿ. ರೇಷ್ಮೆ ಕೈಹಿಡಿದಿದ್ದ ಕಾಲ ಅದು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿ ಬಂದವರೆಲ್ಲ ಮನೆಗೊಂದು ಟೇಪ್ ರೆಕಾರ್ಡರ್ ತಂದಿದ್ದರು. ನಮ್ಮ ಮನೆಯದು ಭಕ್ತಿಗೀತೆ ಹಾಡಲೆಂದು ಬಂದದ್ದು. ಅದರ ಬಾಯಿಗೆ ಡೆತ್ ಮೆಟಲ್ ತುರುಕಿದವನು ನನ್ನ ಗೆಳೆಯ. ರಾಮನಗರದವನು, ಅವರ ಮನೆಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಯಾವ ಅಂಗಡಿಯಲ್ಲೂ ಸಿಗದ ಆ ಸಂಗೀತವನ್ನು ಅವನು ಕಾಣದ ಊರಿನ ಕಾಣದ ಜನರಿಂದ ಅಂಚೆಯಲ್ಲಿ ತರಿಸಿ, ನಕಲು ಮಾಡಿ, ಬದಲಿಗೆ ಇನ್ನೊಂದನ್ನು ಕಳಿಸುತ್ತಿದ್ದ. ಕೇಳಿ ಕೇಳಿ ನಮ್ಮದೂ ಒಂದು ಬರಲಿ ಅನ್ನಿಸಿತು. ಅವನು ಗಿಟಾರು, ನಾನು ಗಂಟಲು.

ರೆಕಾರ್ಡಿಂಗ್ ಯಂತ್ರ ಎರವಲು ಸಿಕ್ಕಿದ ವಾರವೇ ನಮ್ಮ ಹುಳು ನಾಲ್ಕನೇ ಜ್ವರದಿಂದ ಎದ್ದವು. ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು. ಅದರಿಂದ ಎದ್ದ ಮೇಲೆ ಅವು ಬಕಾಸುರನ ಸಂತತಿ, ಎಷ್ಟು ಸೊಪ್ಪು ಹಾಕಿದರೂ ಸಾಲದು. ಮನೆಯ ಒಬ್ಬರೂ ಅಲುಗುವಂತಿಲ್ಲ. ನಾನು ರಾಮನಗರಕ್ಕೆ ಹೋಗಲಾರೆ ಎಂದು ಗೆಳೆಯನೇ ಯಂತ್ರ ಹೊತ್ತುಕೊಂಡು ಬಂದ.

ಊರೂರಿನ ಗೂಡು ಮುಟ್ಟುವ, ಗೂಡು ಬೇಯಿಸುವ ಮನೆಯವನು ಹುಳು ಮನೆಗೆ ಕಾಲಿಡುವುದೆಂದರೆ ರೋಗವನ್ನೇ ಕರೆತಂದ ಹಾಗೆ. ಅವ್ವ ಅವನನ್ನು ಬಚ್ಚಲಿಗೆ ಅಟ್ಟಿ ಸ್ನಾನ ಮಾಡಿಸಿ, ನನ್ನ ಲುಂಗಿ ಉಡಿಸಿ, ಕೈಕಾಲಿಗೆ ಇನ್ನೊಮ್ಮೆ ನೀರು ಹಾಕಿಸಿದ ಮೇಲೇ ಬಾಗಿಲು ಬಿಟ್ಟಳು. ವಾಸನೆ ಹುಳುವಿಗಾಗದು ಎಂದು ಬೀಡಿ ಇಲ್ಲ, ತಲೆಗೆ ಎಣ್ಣೆ ಇಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ಏನಾರ ಹಾಡ್ಕಳಿ. ಆದ್ರೆ ಅರಚಂಗಿಲ್ಲ. ಹುಳ ಬೆದರ್ಕಂಡ್ರೆ ಗೂಡು ಕಟ್ಟಕಿಲ್ಲ ಕಣ್ಲಾ."

ಅರಚದೆ ಡೆತ್ ಮೆಟಲ್ ಹಾಡಿದವರು ಭೂಮಿಯ ಮೇಲೆ ಬಹುಶಃ ನಾವೇ. ಮೈಕಿಗೆ ತುಟಿ ಅಂಟಿಸಿ, ಹೊಟ್ಟೆಯಿಂದ ಎಬ್ಬಿಸಿದ ಗುಟುರನ್ನು ಗುಟ್ಟು ಹೇಳುವಷ್ಟೇ ದನಿಯಲ್ಲಿ ಬಿಟ್ಟೆ. ಸೊಪ್ಪಿನ ಬುಟ್ಟಿ ಕವುಚಿ ಹಾಕಿ, ಎಲೆ ಬಿಡಿಸಿದ ಕಡ್ಡಿಗಳ ಕಟ್ಟಿನಿಂದ ತಾಳ ಬಡಿದೆವು. ಸುತ್ತ ತಟ್ಟೆಗಳಲ್ಲಿ ಹುಳುಗಳು ಮೇಯುತ್ತಲೇ ಇದ್ದವು, ಹೆಂಚಿನ ಮೇಲೆ ಸಣ್ಣ ಮಳೆ ಹಿಡಿದ ಹಾಗೆ. ಹಾಡಿನ ನಡುವೆ ಅವ್ವ "ಸಾಕು ನಿಲ್ಸ್ರಲಾ, ಸೊಪ್ಪು ಹಾಕ್ಬೇಕು" ಎನ್ನುತ್ತಿದ್ದಳು. ಗಿಟಾರು ಕೆಳಗಿಟ್ಟು ಎದ್ದು ಸೊಪ್ಪು ಹಾಕಿ ಬಂದು ಮತ್ತೆ ಕೂರುತ್ತಿದ್ದೆವು. ಯಂತ್ರ ನಿಲ್ಲಿಸಿದರೆ ಹಿಂದಿನದು ಅಳಿಸಿಹೋದೀತು ಎಂದು ಹೆದರಿ ಹಾಡಿನ ನಡುವೆ ಅದನ್ನು ನಿಲ್ಲಿಸಲೇ ಇಲ್ಲ. ಅವ್ವನ ಮಾತು, ನಮ್ಮ ಓಡಾಟ, ಹುಳುವಿನ ಮೇಯುವಿಕೆ ಎಲ್ಲವೂ ಹಾಡಿನ ಜೊತೆಗೇ ಉಳಿದುಕೊಂಡವು. ಕ್ಯಾಸೆಟ್ಟಿನ ಹೊದಿಕೆಯ ಕಾಗದವನ್ನು ಚನ್ನಪಟ್ಟಣದಲ್ಲಿ ಜೆರಾಕ್ಸ್ ಮಾಡಿಸಿ, ನಕಲುಗಳನ್ನು ಆ ಕಾಣದ ಜನರಿಗೆ ಅಂಚೆಗೆ ಹಾಕಿದೆವು. ಅದೇ ನಮ್ಮ ಬಿಡುಗಡೆ ಸಮಾರಂಭ.

ಈಗ ಆ ಯುವಕ ಮಾಡಿದ್ದನ್ನು ಕೇಳಿ. ರೆಕಾರ್ಡಿನ ಹೊದಿಕೆಗೆಂದು ಅವನು ಬರೆದ ಕಥೆಯಲ್ಲಿ ನಾವು ರಾಮನಗರದ ಬಂಡೆಗಳ ನಡುವೆ, ಸ್ಮಶಾನದಲ್ಲಿ, ಅಮಾವಾಸ್ಯೆಯಂದು, ಮೇಕೆಯ ರಕ್ತ ಹಚ್ಚಿಕೊಂಡು ಹಾಡಿದ್ದೇವೆ! ತಲೆಗೆ ಎಣ್ಣೆ ಹಚ್ಚಲೂ ಬಿಡದ ಜಾಗದಲ್ಲಿ ರಕ್ತ ಹಚ್ಚಿಕೊಂಡೆವಂತೆ. ಮೈ ಉರಿದರೂ, ಹೊದಿಕೆ ತಾನೇ, ಬದಲಾಯಿಸಿದರಾಯಿತು ಎಂದುಕೊಂಡೆ. ಒಪ್ಪಿಗೆಗೆಂದು ಅವನು ಮೊಬೈಲಿಗೆ ಕಳಿಸಿದ ಹಾಡುಗಳನ್ನು ನಡುಮನೆಯಲ್ಲಿ ಹಾಕಿದೆ. ಅವ್ವ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮೊದಲ ಹಾಡು ಮುಗಿಯುವ ಹೊತ್ತಿಗೆ ಅವಳ ಕೈ ನಿಂತಿತು.

"ಬರೀ ನಿನ್ ಗಂಟ್ಲೇ ಐತಲ್ಲ. ನನ್ ಹುಳ ಎಲ್ಲೋದ್ವು?"

ನಾವು ಹುಳು ಸಾಕುವುದು ಬಿಟ್ಟು ಬಹಳ ಕಾಲವಾಯಿತು, ಹುಳು ಮನೆಯಲ್ಲಿ ಈಗ ಟ್ರ್ಯಾಕ್ಟರ್ ನಿಲ್ಲುತ್ತದೆ. ಅವ್ವ ನಿದ್ದೆಗೆಟ್ಟು ಸಾಕಿದ ಆ ಹುಳುಗಳ ಸದ್ದು ನಮ್ಮ ಪಾಲಿಗೆ ಉಳಿದದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಅದನ್ನು ಇವನು ಕೊಳೆ ಎಂದು ತೊಳೆದಿದ್ದ.

ಗೆಳೆಯನಿಗೆ ಹೇಳಿದರೆ ಅವನದು ಬೇರೆಯೇ ರಾಗ. "ಬುಡ್ಲಾ, ಈ ವಯಸ್ಸಲ್ಲಿ ಯಾರೋ ಕೇಳ್ತಾವ್ರೆ. ಹುಳ ಇದ್ರೇನು, ಬುಟ್ರೇನು" ಎಂದ. ಅವನ ಮೇಲೂ ರೇಗಿದೆ. ಆಮೇಲೆ ಯುವಕನಿಗೆ ಫೋನು ಹಚ್ಚಿ, ತೆಗೆದದ್ದನ್ನೆಲ್ಲ ಇದ್ದ ಹಾಗೇ ಇಡು ಎಂದೆ. ಅವನು ಬಹಳ ವಿನಯದಿಂದ, ಹುಳುಗಳ ಸದ್ದನ್ನು ಬೇಕಾದರೆ ಕೊನೆಯಲ್ಲಿ ಬೇರೆಯಾಗಿ ಸ್ವಲ್ಪ ಹೊತ್ತು ಹಾಕೋಣ ಎಂದ. ಊಟವೆಲ್ಲ ಮುಗಿದ ಮೇಲೆ ಉಪ್ಪು ಬಡಿಸುವ ಮಾತು! ನಡುವೆ ಬರುವ ಹೆಂಗಸಿನ ದನಿ ಎಲ್ಲಿ ಎಂದು ಕೇಳಿದೆ.

"ಅದು ಯಾರೋ ಕೆಲಸದವರು ಸರ್, ಕಟ್ ಮಾಡಿದೀನಿ."

ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯಲಾರೆ. ಆ ವಾರವೆಲ್ಲ ನಾವು ಯಾವಾಗ ಹಾಡಬೇಕು, ಎಷ್ಟು ದನಿಯಲ್ಲಿ ಹಾಡಬೇಕು, ಯಾವಾಗ ಬಾಯಿ ಮುಚ್ಚಬೇಕು ಎಂದು ತೀರ್ಮಾನಿಸಿದವಳು ಆ ಕೆಲಸದವಳೇ. ಮಾರನೆಯ ದಿನ ಬಸ್ಸು ಹತ್ತಿ ಹೋಗಿ, ನನ್ನ ಒಪ್ಪಿಗೆ ಇಲ್ಲ ಎಂದು ಅವನ ಮುಖಕ್ಕೇ ಹೇಳಿ, ಕ್ಯಾಸೆಟ್ ಕಿತ್ತುಕೊಂಡು ಬಂದೆ. ರೆಕಾರ್ಡು ಬರಲಿಲ್ಲ. ನನಗೆ ಒಂದಿಷ್ಟೂ ವಿಷಾದವಿಲ್ಲ.

ಗೆಳೆಯ ಮಾತ್ರ ಬಹಳ ದಿನ ಮಾತು ಬಿಟ್ಟ. ಕೊನೆಗೊಂದು ಭಾನುವಾರ ತಾನೇ ಬಂದು, ಮುಖ ಗಂಟಿಕ್ಕಿಕೊಂಡು ಕುರ್ಚಿಯಲ್ಲಿ ಕೂತ. ನಾನು ಹಳೆಯ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿದೆ. ಹುಳುಗಳು ಮೇಯತೊಡಗಿದವು. ಅವನ ಗಿಟಾರು, ನನ್ನ ಗುಟುರು, ಬುಟ್ಟಿಯ ತಾಳ. ಎರಡನೇ ಹಾಡಿನ ಅರ್ಧಕ್ಕೆ ಅವ್ವನ ಆಗಿನ ದನಿ ಬಂತು: "ಸಾಕು ನಿಲ್ಸ್ರಲಾ, ಸೊಪ್ಪು ಹಾಕ್ಬೇಕು."

ತಲೆ ನರೆತ ನಾವಿಬ್ಬರೂ ಕುರ್ಚಿ ಬಿಟ್ಟು ಎದ್ದು ನಿಂತಿದ್ದೆವು.