ಒಂದೇ ಫೋಟೊದ ಚೀಲ

ನನ್ನ ಮೊಮ್ಮಗಳ ಅಂಗಡಿ ಮುಚ್ಚಲಿಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಕ್ಷೌರದಂಗಡಿಯಲ್ಲಿ ಹೇಳಿಯಾಯಿತು. ಬೈಂದೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳದಿದ್ದರೂ ಹೇಳಿದೆ. ಪಾಪ, ಅವರು ಮರವಂತೆಯಲ್ಲಿ ಇಳಿಯುವವರು, ತ್ರಾಸಿಯಲ್ಲೇ ಎದ್ದು ನಿಂತರು. ಸಕ್ಕರೆ ಕಾಯಿಲೆ ನೋಡುವ ಡಾಕ್ಟರಿಗೂ ಹೇಳಿದೆ. ಅವರು ಒಳ್ಳೆಯದಾಯಿತು ಎಂದು, ನನ್ನ ಪಾದದ ಮೇಲೆ ಪಿನ್ನಿನಂಥದ್ದೊಂದನ್ನು ಒತ್ತಿ, "ಗೊತ್ತಾತ್ತಾ ಅಜ್ರೇ?" ಎಂದು ಕೇಳಿದರು. ಒಂದು ಕಡೆ ಗೊತ್ತಾಯಿತು, ಇನ್ನೊಂದು ಕಡೆ ಗೊತ್ತಾಗಲಿಲ್ಲ.

ನನ್ನ ಸಂತೋಷವೂ ಈಗ ಹಾಗೆಯೇ ಇದೆ. ಕೊಡ ತುಂಬಿ ಹೊರಗೆ ಚೆಲ್ಲುವಷ್ಟು ಇದೆ. ಇದೆ ಎಂದು ಗೊತ್ತು. ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ.

ಅಂಗಡಿ ಎಂದರೆ ಬಾಗಿಲು, ಗಲ್ಲಾಪೆಟ್ಟಿಗೆ ಇರುವ ಅಂಗಡಿಯಲ್ಲ. ಫೋನಿನೊಳಗಿನ ಅಂಗಡಿ. ಸಾವಿರಾರು ಜನ ತಮ್ಮ ತಮ್ಮ ಸಾಮಾನು ಇಟ್ಟುಕೊಂಡು ಕೂತ ದೊಡ್ಡ ಸಂತೆ ಅದು. ಅದರಲ್ಲಿ ನಮ್ಮ ಮಗುವಿನದೂ ಒಂದು ಮೂಲೆ. ಅವಳು ಬ್ರಹ್ಮಾವರಕ್ಕೆ ಹೋಗಿ ಹೊಲಿಗೆ ಕಲಿತವಳು. ಚೀಲಕ್ಕೆ ಒಳಗಿನಿಂದ ಬಟ್ಟೆ ಕೊಟ್ಟು ಹೊಲಿದರೆ ಹೊಲಿಗೆ ಎಲ್ಲಿದೆ ಎಂದು ಹುಡುಕಬೇಕು. ಮೊಮ್ಮಗಳು ಎಂದು ಹೊಗಳುತ್ತಿಲ್ಲ. ಇರಲಿ, ಹೊಗಳುತ್ತಲೇ ಇದ್ದೇನೆ.

ಚೀಲ ಹೆಣೆಯುವವನು ನಾನು. ನನ್ನ ಕೆಲಸ ಬಲೆಯದ್ದು. ಮಳೆಗಾಲದಲ್ಲಿ ಬೋಟುಗಳು ದಡ ಸೇರಿದಾಗ ಹರಿದ ಬಲೆಗಳ ರಾಶಿ ಹಾಕಿಕೊಂಡು ಕೂತರೆ ಊಟಕ್ಕೆ ಕರೆಯುವವರೆಗೂ ಏಳುತ್ತಿರಲಿಲ್ಲ. ಕಣ್ಣು ಮಂದವಾದ ಮೇಲೆ ದೊಡ್ಡ ಬಲೆ ಬಿಟ್ಟೆ. ಆಗ ನನ್ನ ಹೆಂಡತಿ, "ಸುಮ್ನೆ ಕೂಕಂಡ್ ನೊಣ ಹೊಡೂ ಬದ್ಲ್ ನಂಗೆ ಕಾಯಿ ಹೊರುಕೆ ಒಂದ್ ಚೀಲ ಮಾಡಿ ಕೊಡಿ" ಎಂದಳು. ಹಳೆಯ ಬಲೆಯ ಹಸಿರು ನೂಲು, ನೀಲಿ ಹಗ್ಗ ಸೇರಿಸಿ ಮಾಡಿಕೊಟ್ಟೆ. ಮೊಮ್ಮಗಳು ಅದನ್ನು ಕಿಟಕಿಯ ಸರಳಿಗೆ ತೂಗುಹಾಕಿ ಫೋಟೊ ತೆಗೆದು ಸಂತೆಯಲ್ಲಿ ಇಟ್ಟಳು. ಪುಣೆಯ ಯಾರೋ ಹೆಂಗಸು ಕೊಂಡುಕೊಂಡರು. ನನ್ನ ಹೆಂಡತಿಗೆ ಇವತ್ತಿಗೂ ಆ ಸಿಟ್ಟಿದೆ. "ನನ್ ಚೀಲ ಪುಣೆಗ್ ಹೋಯ್ತ್, ನಾ ಇನ್ನೂ ಪ್ಲಾಸ್ಟಿಕ್ ಕೊಟ್ಟೆಯಂಗೆ ಕಾಯಿ ಹೊರ್ತೆ" ಎಂದು ಮೊನ್ನೆ ಮೊನ್ನೆಯವರೆಗೂ ಹೇಳುತ್ತಿದ್ದಳು.

ಆಮೇಲೆ ಚೀಲದ ಮೇಲೆ ಚೀಲ. ಒಂದರ ಹಾಗೆ ಇನ್ನೊಂದಿಲ್ಲ. ಅದು ಬೇಕೆಂದು ಮಾಡಿದ್ದಲ್ಲ, ನನ್ನ ಕೈಗೆ ಬರುವುದೇ ಹಾಗೆ. ನನ್ನಪ್ಪನ ಕಾಲದಲ್ಲಿ ರಂಪಣಿ ಇತ್ತು, ಊರೆಲ್ಲ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ. ಅದನ್ನು ಒಬ್ಬರೇ ಮಾಡಿಸುತ್ತಿರಲಿಲ್ಲ. ಮನೆಗೊಂದು ತುಂಡು ತಂದು ಜೋಡಿಸುತ್ತಿದ್ದರು. ಬಿಚ್ಚಿದಾಗ ಯಾವ ತುಂಡು ಯಾರ ಮನೆಯದು ಎಂದು ಗೊತ್ತಾಗಬೇಕಲ್ಲ, ಅದಕ್ಕೆ ಪ್ರತಿ ತುಂಡಿನ ಮೂಲೆಗೂ ಬೇರೆ ಬಣ್ಣದ ದಾರದ ಗಂಟು. "ಎರಡ್ ತುಂಡ್ ಒಂದೇ ನಮೂನಿ ಇದ್ರೆ ಎರಡ್ ಮನಿಗ್ ಜಗಳ" ಎನ್ನುತ್ತಿದ್ದ ನನ್ನಪ್ಪ. ಗುರುತು ಹಾಕದೆ ಬಲೆ ಕೆಳಗಿಟ್ಟರೆ ತಲೆಗೆ ಮೊಟಕುತ್ತಿದ್ದ. ನಮ್ಮ ಮನೆಯ ಗುರುತು ಕೆಂಪು. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಸರಿಯಾಗಿ ಕಲಿತದ್ದು ಎಂದರೆ ಅದೊಂದೇ.

ಸಂತೆಯವರು ತಿಂಗಳಿಗೆ ಇಷ್ಟು ಫೋಟೊ ಪುಕ್ಕಟೆ ಎಂದು ಬಿಡುತ್ತಿದ್ದರು. ಅದಕ್ಕೆ ಲಿಸ್ಟಿಂಗ್ ಎನ್ನುತ್ತಾರೆ. ನಮ್ಮ ಚೀಲಗಳಿಗೆ ಅದು ಸಾಕಾಗುತ್ತಿತ್ತು. ಹೋದ ಮಳೆಗಾಲದ ಸುರುವಿಗೆ, ಮಧ್ಯಾಹ್ನ ಗಂಜಿ ಊಟಕ್ಕೆ ಕೂತಾಗ ಮೊಮ್ಮಗಳ ಫೋನಿಗೆ ಒಂದು ಮೆಸೇಜು ಬಂತು. ಅವಳು ಓದಿದಳು. ಮತ್ತೆ ಓದಿದಳು. ಬಟ್ಟಲಿನಲ್ಲಿ ಕೈ ಹಾಗೇ ಇತ್ತು.

"ಎಂತ ಮಗಾ?" ಎಂದೆ.

"ಪುಕ್ಕಟೆ ಲಿಸ್ಟಿಂಗ್ ಕಡ್ಮಿ ಮಾಡ್ರ್ ಅಜ್ಜಯ್ಯ. ಇನ್ ಬೆರಳೆಣಿಕೆಯಷ್ಟೇ. ಅದ್ರ ಮೇಲೆ ಇಟ್ಟದ್ದ್ ಒಂದೊಂದಕ್ಕೂ ದುಡ್ಡ್. ಹೋಯ್ಲಿ ಹೋಗ್ದಿರ್ಲಿ. ಮಾರಾಟ ಆಗ್ದೆ ಉಳ್ದ್ರೆ ಸ್ವಲ್ಪ ತಿಂಗ್ಳ್ ಬಿಟ್ಟ್ ಮತ್ತೆ ಕೊಡ್ಕ್. ಮಾರಾಟ ಆದ್ರೆ ಅದ್ರಂಗೊಂದ್ ಪಾಲ್ ಬೇರೆ."

ನನ್ನ ಹೆಂಡತಿ ಮೀನು ಮಾರಿದವಳು. ಅವಳಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಅದ್ರಂಗೆ ಎಂತ ಹೊಸ್ತ್ ಇತ್ ಹೆಣ್ಣೆ? ಸಂತಿಯಂಗೂ ಹಾಂಗೇ ಅಲ್ದಾ? ಬುಟ್ಟಿ ಇಟ್ರೆ ಸುಂಕ. ಮೀನ್ ಹೋಯ್ಲಿ, ಕೊಳೀಲಿ, ಸುಂಕದವನಿಗ್ ಎಂತ?"

"ಅಜ್ಜಿ, ನೀ ಒಂದ್ ಬುಟ್ಟಿಯಂಗೆ ಎಷ್ಟ್ ಬಂಗ್ಡಿ ಹಾಕ್ತಿ?"

"ಹಿಡ್ದಷ್ಟ್."

"ಎಲ್ಲದಕ್ಕೂ ಸೇರಿ ಒಂದೇ ಸುಂಕ. ನಮ್ದ್ ಹಾಂಗಲ್ಲ. ಅಜ್ಜಯ್ಯನ ಚೀಲ ಒಂದರಂಗೆ ಒಂದಿಲ್ಲೆ, ಒಂದೊಂದಕ್ಕೂ ಬೇರೆ ಫೋಟೊ ಬೇಕ್. ಒಂದೊಂದ್ ಬಂಗ್ಡಿಗೂ ಒಂದೊಂದ್ ಬುಟ್ಟಿ ಇಟ್ಟಂಗೆ. ಫ್ಯಾಕ್ಟ್ರಿಯವ್ರ್ ಒಂದ್ ಫೋಟೊ ಹಾಕಿ ಸಾವ್ರ ಚೀಲ ಮಾರ್ತ್ರ್. ಅವ್ರಿಗೆ ಪುಕ್ಕಟೆದೇ ಮುಗಿತಿಲ್ಲೆ."

ಹೆಂಡತಿ ಬಟ್ಟಲು ಪಕ್ಕಕ್ಕೆ ಸರಿಸಿದಳು. ಆಮೇಲೆ ನನ್ನನ್ನು ನೋಡಿದಳು. "ಹಾಂಗಾರೆ ಸುಂಕ ಬಿದ್ದದ್ದ್ ಇವ್ರ ಕೈಗೆ ಅನ್ನು. ಎರಡ್ ಒಂದೇ ನಮೂನಿ ಮಾಡುಕೆ ಇವ್ರಿಗ್ ಈ ಜನ್ಮದಂಗೆ ಬತ್ತಿಲ್ಲೆ ಮಗಾ. ನಾಲ್ಕ್ ಮಕ್ಕಳೂ ನಾಲ್ಕ್ ನಮೂನಿ."

ನಾವು ನಕ್ಕೆವು. ಮೊಮ್ಮಗಳೂ ನಕ್ಕಳು. ನಕ್ಕು ಮುಗಿದ ಮೇಲೆ ಅವಳು ಹೇಳಿದಳು, "ಕಡ್ಲ್ ತೆರೆವರೆಗೂ ಕಾಂತೆ. ಅಷ್ಟರಂಗೆ ಅಂಗ್ಡಿ ತನ್ ಖರ್ಚ್ ತಾನ್ ನೋಡ್ಕಂಡಿಲ್ಲ ಅಂದ್ರೆ ಮುಚ್ಚಿ, ಅಮ್ಮನ ಒಟ್ಟಿಗೆ ವ್ಯಾನ್ ಹತ್ತುತೆ."

ಅವಳ ಅಮ್ಮ, ಎಂದರೆ ನನ್ನ ಸೊಸೆ, ಸಿಗಡಿ ಸುಲಿಯುವ ಶೆಡ್ಡಿಗೆ ಹೋಗುತ್ತಾಳೆ. ಮಳೆಗಾಲದ ನಿಷೇಧ ಮುಗಿದು ಕಡಲು ತೆರೆದರೆ, ಮೀನುಗಾರಿಕೆ ಇರುವಷ್ಟು ತಿಂಗಳು ಬೆಳಿಗ್ಗೆ ವ್ಯಾನು ಬಂದು ಹೆಂಗಸರನ್ನು ತುಂಬಿಸಿಕೊಂಡು ಹೋಗುತ್ತದೆ. ಮಗ ಬೋಟಿನಲ್ಲಿ, ದಡದಲ್ಲಿದ್ದರೂ ನಿದ್ದೆಯಲ್ಲಿರುತ್ತಾನೆ. ಸೊಸೆಯ ದುಡಿಮೆ ಇಲ್ಲದೆ ಮನೆ ನಡೆಯುವುದಿಲ್ಲ. ಸಿಗಡಿ ಮಂಜುಗಡ್ಡೆಯಲ್ಲಿ ಹೂತಿರುತ್ತದೆ, ದಿನವಿಡೀ ಅದರಲ್ಲೇ ಕೈ. ಮನೆಗೆ ಬಂದು ಮೀಯಲು ಹೋಗುವಾಗ ಹಂಡೆಯ ಎದುರು ನಿಂತು ಕರೆಯುತ್ತಾಳೆ. "ಅತ್ತೆ, ನೀರ್ ಬಿಸಿ ಇತ್ತಾ ಕಾಣಿ. ನಂಗೆ ಗೊತ್ತಾತಿಲ್ಲೆ." ನನ್ನ ಹೆಂಡತಿ ಹೋಗಿ ಕೈ ಅದ್ದಿ ಹೇಳಬೇಕು. ವರ್ಷಗಳಿಂದ ಹೀಗೆಯೇ. ಇದು ನಮ್ಮ ಮನೆಯಲ್ಲಿ ಸಂಜೆಯ ದೀಪ ಹಚ್ಚುವುದರ ಹಾಗೆ ಆಗಿಹೋಗಿತ್ತು, ಯಾರೂ ಗಮನಿಸುತ್ತಿರಲಿಲ್ಲ.

ಮೊಮ್ಮಗಳು ವ್ಯಾನಿನ ಮಾತು ಆಡಿದ ದಿನ ನಾನು ಅವಳ ಬೆರಳುಗಳನ್ನು ನೋಡಿದೆ. ಸೂಜಿಗೆ ನೂಲು ಪೋಣಿಸುತ್ತಿದ್ದಳು. ನೋಡದೆಯೇ ಪೋಣಿಸುತ್ತಾಳೆ, ಬೆರಳಿಗೇ ಗೊತ್ತಾಗುತ್ತದೆ.

"ಒಂದೇ ನಮೂನಿದ್ ಮಾಡ್ತೆ. ಯಾವ್ದ್ ಬೇಕ್ ಹೇಳ್" ಎಂದೆ.

ಅವಳು ಹಸಿರು ಮೈ, ನೀಲಿ ಹಿಡಿಯ ಚೀಲ ಆರಿಸಿ, ಅಡಿಯ ಮೂಲೆಯ ನನ್ನ ಕೆಂಪು ಗಂಟು ಬಿಚ್ಚಿದಳು. ಅದನ್ನು ಗೋಡೆಯ ಮೊಳೆಗೆ ನೇತುಹಾಕಿ, "ಇದ್ರಂಗೆ ಅಜ್ಜಯ್ಯ. ಇದೇ" ಎಂದಳು. ಹಳೆಯ ಬಲೆ ಆಗುವುದಿಲ್ಲ. ಒಂದು ಬಿಸಿಲಿಗೆ ಬೆಳ್ಳಗಾಗಿರುತ್ತದೆ, ಇನ್ನೊಂದು ಎಣ್ಣೆ ಕುಡಿದು ಕಪ್ಪಾಗಿರುತ್ತದೆ. ಗುಲ್ವಾಡಿಯ ಗೆಳೆಯನೊಬ್ಬ ಹೊಳೆಯ ಬಲೆಯ ತುಂಡುಗಳನ್ನು ನನಗಾಗಿ ಕೂಡಿಟ್ಟು ಕೊಡುತ್ತಿದ್ದ, ಕಂದು, ಹಳದಿ, ಗಿಳಿ ಹಸಿರು. ಆ ಮೂಟೆಯನ್ನು ಮೂಲೆಗೆ ತಳ್ಳಿ ಕುಂದಾಪುರದಿಂದ ಹೊಸ ಹಗ್ಗದ ಉಂಡೆಗಳನ್ನು ತಂದೆವು. ಎಲ್ಲ ಒಂದೇ ಹಸಿರು.

ಮೊದಲ ಚೀಲ ಅಗಲವಾಯಿತು. ಎರಡನೆಯದು ಕುತ್ತಿಗೆ ಬಿಗಿದ ಹಾಗೆ ಬಂತು. ಮೂರನೆಯದಕ್ಕೆ ಹಿಡಿ ಹಾಕುವಾಗ ಕೈ ತಾನಾಗಿ ಒಂದು ಸುತ್ತು ಜಾಸ್ತಿ ತಿರುವಿತು, ಚೆಂದ ಕಂಡಿತು, ಬಿಚ್ಚಬೇಕಾಯಿತು. ಹೆಂಡತಿ ಬಾಗಿಲಲ್ಲಿ ನಿಂತು, "ಹ್ವಾಯ್, ಗೋಡಿ ಮೇಲಿದ್ದದ್ದನ್ನ ಕಾಣಿ, ಆಕಾಶ ಕಾಂಬುದಲ್ಲ" ಎಂದು ಹಂಗಿಸಿ ಹೋಗುತ್ತಿದ್ದಳು. ಮಳೆ ಜೋರಾಗುವ ಹೊತ್ತಿಗೆ ಒಂದೇ ನಮೂನೆ ಕೈಗೆ ಬಂದೇಬಿಟ್ಟಿತು. ಎರಡು ಚೀಲ ಪಕ್ಕಪಕ್ಕ ಇಟ್ಟರೆ ನನಗೇ ಯಾವುದು ಮೊದಲು ಮಾಡಿದ್ದು ಎಂದು ತಿಳಿಯಲಿಲ್ಲ. ಮೊಮ್ಮಗಳು ಎರಡನ್ನೂ ಎದೆಗೆ ಒತ್ತಿಕೊಂಡು ಕುಣಿದಳು. ನಾನೂ ಕೂಗಿ ನಕ್ಕೆ. ನನ್ನ ನಗು ಪಕ್ಕದ ಮನೆಯಿಂದ ಬಂದ ಹಾಗೆ ಕೇಳಿತು.

ಆಮೇಲಿನ ದಿನಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಹಸಿರು, ಹಸಿರು, ಹಸಿರು, ನೀಲಿ. ಮುಂಚೆ ಬಲೆಯ ಒಂದೊಂದು ಕಣ್ಣು ಕಟ್ಟುವಾಗಲೂ ಏನೋ ಒಂದು ನೆನಪಿಗೆ ಬರುತ್ತಿತ್ತು, ಅಪ್ಪನ ಬೈಗುಳ, ಸತ್ತುಹೋದ ಗೆಳೆಯರ ಬೋಟಿನ ಬಣ್ಣ. ಈಗ ಏನೂ ಬರುವುದಿಲ್ಲ. ಕೈ ಒಂದು ಕಡೆ ಮಾಡುತ್ತದೆ, ನಾನು ಒಂದು ಕಡೆ ಕೂತಿರುತ್ತೇನೆ. ಬೇಸರವಲ್ಲ. ಬೇಸರವಾದರೆ ಗೊತ್ತಾಗುತ್ತದೆ.

ಫೋನಿನಲ್ಲಿ ಚೀಲ ಹೋಗತೊಡಗಿತು. ಒಂದೇ ಫೋಟೊ, ಅದರಡಿ ಚೀಲ ಇದ್ದಷ್ಟು ಮಾರಬಹುದು. ಕೊಂಡವರು ಚೆನ್ನಾಗಿದೆ ಎಂದು ಸ್ಟಾರು ಕೊಡುತ್ತಾರಂತೆ. ಮುಂಚೆ ಚೀಲ ಹೋದ ಕೂಡಲೇ ಅದರ ಫೋಟೊ, ಸ್ಟಾರು ಎಲ್ಲ ಹಿಂದೆ ಬೀಳುತ್ತಿತ್ತು. "ಈಗ ಎಲ್ಲಾ ಒಂದೇ ಕಡೆ ಬೀಳತ್ತ್ ಅಜ್ಜಯ್ಯ, ಹುಡ್ಕಿದವ್ರಿಗೆ ಮೇಲೆ ಮೇಲೆ ಕಾಂತ್ತ್" ಎಂದು ಮೊಮ್ಮಗಳು ತೋರಿಸಿದಳು. ನನಗೆ ಓದಲು ಬಾರದಷ್ಟು ಸಣ್ಣ ಅಕ್ಷರ. ನಕ್ಷತ್ರ ಮಾತ್ರ ಕಂಡವು.

ಹೀಗಿರುವಾಗ ಒಂದು ಚೀಲ ವಾಪಸು ಬಂತು. ಕೊಂಡವರು ಬರೆದಿದ್ದರಂತೆ: ಫೋಟೊದಲ್ಲಿ ಇಲ್ಲದ ಕೆಂಪು ದಾರದ ಗಂಟು ಅಡಿಯ ಮೂಲೆಯಲ್ಲಿದೆ, ಬೇರೆಯೇ ಚೀಲ ಕಳಿಸಿದ್ದೀರಿ. ಗಂಟು ನಾನು ಹಾಕಿದ್ದಲ್ಲ ಎನ್ನಲಾರೆ, ಹಾಕಿದ್ದು ಗೊತ್ತೇ ಇಲ್ಲ. ಕೈ ತಾನಾಗಿ ದಾರ ಹುಡುಕಿ, ಗಂಟು ಕಟ್ಟಿ, ಚೀಲ ಕೆಳಗಿಟ್ಟಿದೆ. ಹೋದ ಖರ್ಚು, ಬಂದ ಖರ್ಚು ಎರಡೂ ನಮ್ಮ ತಲೆಗೆ ಬಿತ್ತು. ಅದಕ್ಕಿಂತ ಹೆಚ್ಚಾಗಿ ನಕ್ಷತ್ರವೊಂದು ಉದುರಿತು. ಕಡಲು ತೆರೆಯಲು ಕೆಲವೇ ದಿನ ಇತ್ತು.

ಮೊಮ್ಮಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೆಂಪು ದಾರದ ಉಂಡೆಯನ್ನು ನನ್ನ ಮಣೆಯ ಪಕ್ಕದಿಂದ ಎತ್ತಿ, "ಇದನ್ನ ಅಟ್ಟದ್ ಮೇಲೆ ಇಡ್ತೆ ಅಜ್ಜಯ್ಯ" ಎಂದಳು.

"ಇಡ್ ಮಗಾ" ಎಂದೆ.

ಹೆಂಡತಿ ಒಳಗಿನಿಂದ ಕೂಗಿದಳು: "ಇವ್ರಿಗೆ ಧಾರೆ ಎರೆದ್ ಕೊಟ್ಟದ್ದ್ ನನ್ನನ್ನಾ, ಆ ಕೆಂಪ್ ದಾರನಾ ಕೇಣ್!" ಯಾರೂ ನಗಲಿಲ್ಲ. ಅವಳೇ ಸ್ವಲ್ಪ ಹೊತ್ತು ಬಿಟ್ಟು ಬಂದು ವಾಪಸು ಬಂದ ಚೀಲವನ್ನು ಎತ್ತಿ ನೋಡಿ, ಅಡುಗೆಮನೆಯ ಮೊಳೆಗೆ ಸಿಕ್ಕಿಸಿದಳು.

ಕಡಲು ತೆರೆಯಿತು. ಬೋಟುಗಳು ಹೋದವು, ಮಗನೂ ಹೋದ. ಸಿಗಡಿ ಬಂದ ಮಾರನೆಯ ಬೆಳಿಗ್ಗೆ ನಮ್ಮ ಗೇಟಿನ ಎದುರು ವ್ಯಾನು ನಿಂತು ಹಾರ್ನ್ ಹಾಕಿತು. ಸೊಸೆ ಬುತ್ತಿ ಹಿಡಿದು ಹೊರಟಿದ್ದಳು. ವ್ಯಾನಿನ ಕಿಟಕಿಯಿಂದ ಅವಳ ಜೊತೆಯವಳೊಬ್ಬಳು ತಲೆ ಹೊರಗೆ ಹಾಕಿ, "ಹ್ವಾಯ್ ಹೆಣ್ಣೆ, ನೀನೂ ಬತ್ತೆ ಅಂದಿದ್ಯಲೆ! ಬತ್ಯಾ ಇಲ್ಯಾ? ಜಾಗ ಹಿಡ್ಕಂಡಿದೆ!" ಎಂದು ಕೂಗಿದಳು.

ನಾನು ಜಗಲಿಯಲ್ಲಿದ್ದೆ. ಮೊಮ್ಮಗಳು ಚಾವಡಿಯಲ್ಲಿ ಪಾರ್ಸೆಲ್ ಕಟ್ಟುತ್ತಿದ್ದಳು, ಬಾಯಲ್ಲಿ ಟೇಪಿನ ತುಂಡು. ಅವಳು ಅದನ್ನು ತೆಗೆದು ಪಾರ್ಸೆಲಿಗೆ ಅಂಟಿಸಿ, ಬೆರಳಿನಿಂದ ನೀವಿ, ಆಮೇಲೆ ತಲೆ ಎತ್ತದೆ ಹೇಳಿದಳು. "ನಾ ಬತ್ತಿಲ್ಲೆ. ನಂಗೆ ಕೆಲ್ಸ ಇತ್ತ್."

ಸೊಸೆ ಗೇಟಿನ ಹತ್ತಿರ ಒಮ್ಮೆ ತಿರುಗಿದಳು. ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. ಅಷ್ಟೇ. ಹತ್ತಿದಳು. ವ್ಯಾನು ಹೋಯಿತು.

ಅವತ್ತು ನಾನು ಎದ್ದು ಊರೆಲ್ಲ ಹೇಳಲು ಹೊರಟದ್ದು. ಕ್ಷೌರದಂಗಡಿ, ಬಸ್ಸು, ಡಾಕ್ಟರು ಎಲ್ಲ ಆಮೇಲಿನ ಮಾತು. ಅಂಗಡಿ ತನ್ನ ಖರ್ಚು ತಾನು ನೋಡಿಕೊಂಡಿತ್ತು, ಮೊಮ್ಮಗಳ ಕೈ ಮಂಜುಗಡ್ಡೆಗೆ ಹೋಗಲಿಲ್ಲ. ಇದಕ್ಕಿಂತ ದೊಡ್ಡ ಸಂತೋಷ ಈ ವಯಸ್ಸಿನಲ್ಲಿ ನನಗೆ ಬೇರೆ ಏನಿದೆ? ಚಪ್ಪಲಿ ಹಾಕಿದೆನೋ ಇಲ್ಲವೋ ನೋಡದೆ ರಸ್ತೆಯವರೆಗೂ ಬಂದಿದ್ದೆ. ಒಂದು ಕಾಲಿಗೆ ಇತ್ತು.

ಹೆಂಡತಿ ಈಗ ವಾಪಸು ಬಂದ ಚೀಲ ಹಿಡಿದೇ ಪೇಟೆಗೆ ಹೋಗುತ್ತಾಳೆ. "ಸಂತಿಯಂಗೆ ಎಲ್ಲಿ ಇಟ್ರೂ ಗೊತ್ತಾತ್ತ್, ಕೆಂಪ್ ಗಂಟ್ ಕಂಡ್ರೆ ನಂದ್" ಎನ್ನುತ್ತಾಳೆ. ಇನ್ನೊಬ್ಬಳು ಅಂಥದ್ದೇ ಬೇಕು ಎಂದಳಂತೆ. ಮಾಡಿಕೊಡಬಹುದಿತ್ತು. ಗುಲ್ವಾಡಿಯ ಮೂಟೆ ಮೂಲೆಯಲ್ಲಿ ಹಾಗೇ ಇದೆ. ಆದರೆ ಫೋನಿನ ಸಂತೆಯ ಚೀಲಗಳಿಗೇ ನನ್ನ ದಿನ ಸಾಲುವುದಿಲ್ಲ.

ಬೆಳಿಗ್ಗೆ ವ್ಯಾನು ಬರುತ್ತದೆ, ಸೊಸೆ ಹೋಗುತ್ತಾಳೆ. ನಾನು ಹಸಿರು ಹಗ್ಗ ಎತ್ತಿಕೊಳ್ಳುತ್ತೇನೆ. ಪ್ರತಿ ಚೀಲ ಮುಗಿಯುವಾಗ ನನ್ನ ಕೈ ಬಲಗಡೆ ನೆಲದ ಮೇಲೆ ಸ್ವಲ್ಪ ತಡಕಾಡುತ್ತದೆ. ಅಲ್ಲಿ ಏನೂ ಇಲ್ಲ. ಆಗ ಚೀಲ ಮೊಮ್ಮಗಳಿಗೆ ಕೊಡುತ್ತೇನೆ. ಸಂಜೆ ಸೊಸೆ ಹಂಡೆಯ ಎದುರು ನಿಂತು ಕರೆದಾಗ ಈಗೀಗ ಹೋಗುವವಳು ಮೊಮ್ಮಗಳು. ಕೈ ಅದ್ದಿ, ಚುರುಕ್ಕೆಂದು ಹಿಂದೆ ತೆಗೆದು, "ಅಮ್ಮಾ, ಕೈ ಹಾಕ್ಬೇಡ, ಕುದೀತ್ತ್!" ಎಂದು ಕೂಗುತ್ತಾಳೆ. ಆ ಕೂಗು ಕೇಳಲು ನಾನು ಕೆಲಸ ನಿಲ್ಲಿಸುತ್ತೇನೆ.