ಗಟ್ಟಿ ಇರುವುದು ಕೊಡಿ

ನನ್ನ ಗಂಡ ವಿಮಾನ ಹಾರಿಸುತ್ತಾರೆ. ಇನ್ನಂಜೆಯ ನಮ್ಮ ಮನೆಯ ಚಾವಡಿಯಲ್ಲಿ, ಬನಿಯನ್ ಹಾಕಿಕೊಂಡು, ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ. ಗಲ್ಫಿನ ಒಂದು ವಿಮಾನ ನಿಲ್ದಾಣದಲ್ಲಿ ಅವರು ಪ್ರಯಾಣಿಕರ ಪೆಟ್ಟಿಗೆಗಳನ್ನು ತುಂಬಿಸುವ ಕೆಲಸದಲ್ಲಿದ್ದರು. ವಿಮಾನದ ಹೊಟ್ಟೆಯೊಳಗೆ ಬಗ್ಗಿ ಬಗ್ಗಿ ಸೊಂಟ ಹಾಳಾಯಿತೇ ವಿನಾ ಅದರ ಮುಂದಿನ ಕೋಣೆಯಲ್ಲಿ ಏನಿದೆ ಎಂದು ನೋಡುವ ಯೋಗ ಬರಲಿಲ್ಲ. ಕೆಲಸ ಬಿಟ್ಟು ಊರಿಗೆ ಬಂದವರೇ ಒಂದು ಕಂಪ್ಯೂಟರ್ ಕೊಂಡು, ಅದಕ್ಕೆ ವಿಮಾನ ಹಾರಿಸುವ ಸಾಫ್ಟ್‌ವೇರ್ ಹಾಕಿಸಿ, ಹಿಡಿದು ತಿರುಗಿಸಲಿಕ್ಕೆ ಒಂದು ಜಾಯ್‌ಸ್ಟಿಕ್ ತಂದರು. ನಾನು ಬೆಳ್ಮಣ್ಣಿನ ಶಾಲೆಯಲ್ಲಿ ಕನ್ನಡ ಟೀಚರ್ ಆಗಿ ನಿವೃತ್ತಳಾದವಳು. ಹಾರುವವರಿಗೆ ಚಹಾ ಕೊಡುವ ಉದ್ಯೋಗ ಹೊಸದಾಗಿ ಸಿಕ್ಕಿತು.

ಅವರು ಲಂಡನ್ನಿಗೋ ಪ್ಯಾರಿಸ್ಸಿಗೋ ಹೋದವರಲ್ಲ. ದಿನವೂ ಒಂದೇ ದಾರಿ. ಮಂಗಳೂರಿನಲ್ಲಿ ಎದ್ದು, ಸಮುದ್ರದ ಮೇಲೆ ತಿರುಗಿ, ಕರಾವಳಿಯ ಅಂಚು ಹಿಡಿದು ಉತ್ತರಕ್ಕೆ ಬರುವುದು. ಎರ್ಮಾಳು ದಾಟಬೇಕು, ನಮ್ಮೂರ ಹತ್ತಿರದ ಕಾಪುವಿನ ಲೈಟ್‌ಹೌಸಿಗೆ ಒಂದು ಸುತ್ತು ಹಾಕಬೇಕು, ವಾಪಸು ಹೋಗಬೇಕು. ರಜೆಯಲ್ಲಿ ಬರುವಾಗ ಕಿಟಕಿಯ ಸೀಟು ಸಿಕ್ಕಿದರೆ ಇದನ್ನೇ ಹುಡುಕುತ್ತಿದ್ದರಂತೆ, ಪ್ರತಿ ಸಲವೂ ಮೋಡ ಅಡ್ಡ ಬರುತ್ತಿತ್ತಂತೆ.

ಈಗ ಅಡ್ಡ ಬಂದದ್ದು ಹಾರ್ಡ್ ಡಿಸ್ಕು. ನೆಲದ ಚಿತ್ರಗಳೆಲ್ಲ ಅದರೊಳಗಿರುತ್ತವೆ. ವಿಮಾನ ಮುಂದೆ ಹೋದ ಹಾಗೆ ಡಿಸ್ಕು ಅವನ್ನು ಹುಡುಕಿ ಹುಡುಕಿ ಪರದೆಗೆ ಕೊಡಬೇಕು. ನಮ್ಮದು ಒಳಗೆ ತಟ್ಟೆ ತಿರುಗುವ ಹಳೆಯ ಡಿಸ್ಕು. ವಿಮಾನ ಕಾಪುವಿಗೆ ಬಂದರೂ ಕಾಪು ಬಂದಿರುತ್ತಿರಲಿಲ್ಲ. ಕೆಳಗೆ ಬರೀ ಹಸಿರು ಗಂಜಿ. ಡಿಸ್ಕು ಅಡುಗೆಮನೆಗೂ ಕೇಳುವ ಹಾಗೆ ಕಟಕಟ ಎನ್ನುತ್ತಿತ್ತು. ಆ ಸದ್ದು ನಿಂತ ಮೇಲೆ ಗಂಜಿಯೊಳಗಿಂದ ರಸ್ತೆ, ಹಂಚಿನ ಮಾಡು, ತೆಂಗಿನ ತೋಟ ಎಲ್ಲ ಮೇಲೆ ಬರುತ್ತಿದ್ದವು.

“ಡಿಸ್ಕ್ ಸ್ಲೋ ಉಂಟು ಮಾರಾಯ್ತಿ” ಎಂದು ಅವರು ಹೇಳಿದಾಗಲೆಲ್ಲ ನಾನು ಹೂಂ ಎನ್ನುತ್ತಿದ್ದೆ. (ಮನೆಯಲ್ಲಿ ನಮ್ಮದು ತುಳು. ಬರೆಯುವಾಗ ಮಾತ್ರ ಕನ್ನಡಕ್ಕೆ ಬರುತ್ತದೆ.)

ಒಂದು ಸಂಜೆ ಚಹಾ ತಂದಾಗ ವಿಮಾನವನ್ನು ಆಕಾಶದಲ್ಲೇ ನಿಲ್ಲಿಸಿ ಕುಳಿತಿದ್ದರು. ಸಾಫ್ಟ್‌ವೇರಿನಲ್ಲಿ ಹಾಗೆ ಮಾಡಬಹುದು. ಡಿಸ್ಕು ಇನ್ನೇನನ್ನೋ ಹುಡುಕುತ್ತ ಕಟಕಟ ಎನ್ನುತ್ತಲೇ ಇತ್ತು. ಆದರೆ ಪರದೆಯ ಮೇಲೆ ಕಾಪುವಿನ ಲೈಟ್‌ಹೌಸು ಕಪ್ಪು ಬಿಳುಪು ಪಟ್ಟೆಗಳ ಸಮೇತ ನಿಚ್ಚಳವಾಗಿ ಕಾಣುತ್ತಿತ್ತು. ಬಂಡೆಗೆ ಹತ್ತುವ ಮೆಟ್ಟಿಲುಗಳೂ ಕಾಣುತ್ತಿದ್ದವು.

“ಇವತ್ತು ಲೋಡ್ ಆಗುವುದೇ ಇಲ್ಲ” ಎಂದರು ಅವರು.

ನಾನು ಚಹಾ ಇಟ್ಟು ಒಳಗೆ ಹೋದೆ. ಪೇಪರಿನ ಶಾಯಿ ತೆಳು ಎಂದು ಅವರು ಪೇಪರನ್ನೇ ಬದಲಾಯಿಸಿದ್ದು, ಬಸ್ಸಿನ ಬೋರ್ಡು ಬರೆದವನನ್ನು ಬೈದದ್ದು, ಸ್ಕೂಟರಿನಲ್ಲಿ ರಸ್ತೆಯ ಹಂಪು ತೀರಾ ಹತ್ತಿರ ಬಂದ ಮೇಲೆ ಬ್ರೇಕು ಹಾಕಿದ್ದು, ಎಲ್ಲವೂ ಒಟ್ಟಿಗೆ ನೆನಪಾದವು. ಆ ಸ್ಕೂಟರಿನ ಹಿಂದೆ ಕೂರುವವಳು ನಾನು. ಹೆದರಿಕೆಯಾಯಿತು. ಅವರಿಗೆ ಸಕ್ಕರೆ ಕಾಯಿಲೆ ಉಂಟು. ಅದೇ ಕಾಯಿಲೆಯಲ್ಲಿ ಅವರ ಅಮ್ಮನ ಕಣ್ಣು ಹೋಗಿತ್ತು. ಕೊನೆಕೊನೆಗೆ ಅತ್ತೆ ಸೊಸೆಯಂದಿರನ್ನು ಬಳೆಯ ಸದ್ದಿನಿಂದ ಗುರುತು ಹಿಡಿಯುತ್ತಿದ್ದರು.

ಕಣ್ಣು ತೋರಿಸಿ ಬರುವ ಎಂದರೆ, “ನನ್ನ ಕಣ್ಣಿಗೆ ಎಂತ ಆಗಿದೆ? ಆಗಿರುವುದು ಡಿಸ್ಕಿಗೆ” ಎಂದರು. ಸರಿ, ಹಾಗಾದರೆ ಡಿಸ್ಕನ್ನೇ ಬದಲಾಯಿಸುವ ಎಂದೆ.

ಅಲ್ಲಿಂದ ನಮ್ಮ ಮನೆಯಲ್ಲಿ ವಾದ ಶುರುವಾಯಿತು. ಪೇಟೆಯಲ್ಲಿ ಎರಡು ಜಾತಿಯ ಡಿಸ್ಕು ಸಿಗುತ್ತದೆ. ಒಂದು, ನಮ್ಮಲ್ಲಿದ್ದಂಥ ಹಾರ್ಡ್ ಡಿಸ್ಕು. ಅದು ನಿಧಾನ, ಆದರೆ ಅಗ್ಗ, ಜಾಗ ಧಾರಾಳ. ಇನ್ನೊಂದು ಸಾಲಿಡ್ ಸ್ಟೇಟ್. ತಿರುಗುವ ತಟ್ಟೆ ಇಲ್ಲ, ಸದ್ದು ಇಲ್ಲ, ಕೇಳಿದ್ದನ್ನು ಕೂಡಲೇ ಕೊಡುತ್ತದೆ, ಆದರೆ ಅದೇ ದುಡ್ಡಿಗೆ ಜಾಗ ಕಡಿಮೆ. ವಿಮಾನದವರಿಗೆ ಎರಡನೆಯದೇ ಒಳ್ಳೆಯದೆಂದು ಮಣಿಪಾಲದ ಅಂಗಡಿಯವರು ಫೋನಿನಲ್ಲಿ ಹೇಳಿದರು. ಹಾರಾಟವೇನೂ ಇನ್ನಷ್ಟು ನುಣುಪಾಗುವುದಿಲ್ಲ, ಅದಕ್ಕೆ ಚಿತ್ರ ಮೂಡಿಸುವ ಬೇರೆ ಕಾರ್ಡು ಬೇಕು, ಆದರೆ ನೆಲ ಕಾಣಲಿಕ್ಕೆ ಕಾಯಬೇಕಾಗುವುದಿಲ್ಲ ಎಂದರು.

ನನ್ನ ಗಂಡನಿಗೆ ಹಾರ್ಡ್ ಡಿಸ್ಕೇ ಬೇಕು. “ಜಾಗ ಬೇಕು. ವೇಗ ಎಂತಕ್ಕೆ? ನನಗೆ ಎಲ್ಲಿಗೆ ಅವಸರ ಉಂಟು?”

“ದಿನಾ ಕಾಪುವಿಗೆ ಹೋಗಿ ಬರುವವರಿಗೆ ಅಷ್ಟು ಜಾಗ ಎಂತಕ್ಕೆ?” ಎಂದೆ.

ನಿಧಾನದ ಡಿಸ್ಕು ಇರುವವರೆಗೆ ಮಸುಕಿಗೆ ಒಂದು ಕಾರಣ ಇರುತ್ತದೆ. ಅದನ್ನು ಕಿತ್ತು ತೆಗೆದರೆ ಉಳಿಯುವುದು ಕಣ್ಣು ಮಾತ್ರ. ಇದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಆದರೂ ನಾವು ವಾರಗಟ್ಟಲೆ ಜಾಗ, ವೇಗ ಎಂದು ಮಾತಾಡಿದೆವು. ಗಂಡ ಹೆಂಡತಿ ಡಿಸ್ಕಿನ ವಿಷಯಕ್ಕೆ ಜಗಳಾಡುವುದನ್ನು ಮೊದಲ ಸಲ ಕಂಡೆ ಎಂದು ಪಕ್ಕದ ಮನೆಯ ಅಕ್ಕ ಕಟ್ಟೆಯಲ್ಲಿ ಕುಳಿತು ನಕ್ಕಳು.

ಕೊನೆಗೆ ನಾನೇ ಅಂಗಡಿಗೆ ಫೋನು ಮಾಡಿದೆ. ಅಲ್ಲೇ ಎಡವಟ್ಟಾಯಿತು. ಜೀವಮಾನವಿಡೀ ಕನ್ನಡ ಕಲಿಸಿದ ನಾಲಗೆ, ಸಾಲಿಡ್ ಎಂಬ ಮಾತು ಬಾಯಿಗೆ ಬರುವ ಮೊದಲೇ “ಗಟ್ಟಿ ಇರುವುದು ಕೊಡಿ” ಎಂದುಬಿಟ್ಟಿತು. ಬಸ್ಸಿನಲ್ಲಿ ಕಳಿಸುತ್ತೇನೆ ಎಂದರು. ನಮ್ಮ ಕಡೆ ಮಾತ್ರೆ, ಮಲ್ಲಿಗೆ, ಮದುವೆಯ ಕಾಗದ ಎಲ್ಲವೂ ಕಂಡಕ್ಟರನ ಕೈಯಲ್ಲೇ ಬರುವುದು. ಡಿಸ್ಕೂ ಹಾಗೆಯೇ ಬಂತು. ಬಿಚ್ಚಿದರೆ ಹಾರ್ಡ್ ಡಿಸ್ಕು! ಸಾಲಿಡ್ಡೂ ಗಟ್ಟಿ, ಹಾರ್ಡೂ ಗಟ್ಟಿ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು ಎನ್ನುವುದು ಟೀಚರಿಗೆ ಹೊಳೆಯಲಿಲ್ಲ.

ನನ್ನ ಗಂಡ ಆ ಡಬ್ಬವನ್ನು ಕೈಯಲ್ಲಿ ತೂಗಿ ನೋಡಿ ಬಹಳ ದಿನಗಳ ನಂತರ ಬಾಯಿ ತುಂಬ ನಕ್ಕರು. “ನೀನೇ ಹೇಳಿದ್ದಲ್ವಾ? ದೇವರು ನನ್ನ ಕಡೆ ಇದ್ದಾನೆ.”

ಆ ನಗು ನೋಡಿ ನನಗೂ ಇರಲಿ ಬಿಡು ಅನಿಸಿತು. ಇದನ್ನು ಹಾಕಿಸಿದರೆ ಇನ್ನೊಂದಷ್ಟು ಕಾಲ ಡಿಸ್ಕನ್ನು ಬೈದುಕೊಂಡು ಇಬ್ಬರೂ ನೆಮ್ಮದಿಯಾಗಿ ಇರಬಹುದು. ಡಬ್ಬ ಎರಡು ದಿನ ಟಿವಿಯ ಪಕ್ಕದಲ್ಲಿ ಕುಳಿತಿತ್ತು. ಮೂರನೆಯ ದಿನ ಕಟಪಾಡಿಯಿಂದ ಸ್ಕೂಟರಿನಲ್ಲಿ ಬರುವಾಗ ಅವರು ನಿಂತಿದ್ದ ದನವೊಂದನ್ನು ಕೂದಲೆಳೆಯಲ್ಲಿ ತಪ್ಪಿಸಿದರು. ದನ ಸಣ್ಣದೇನಲ್ಲ, ಬಿಳಿಯದು, ನಡುಹಗಲು. ಮನೆಗೆ ಬಂದವಳೇ ರಿಕ್ಷಾ ಕರೆಸಿ, ಕಂಪ್ಯೂಟರಿನ ಪೆಟ್ಟಿಗೆಯನ್ನೂ ಆ ಡಬ್ಬವನ್ನೂ ಹೊತ್ತುಕೊಂಡು ಮಣಿಪಾಲಕ್ಕೆ ಹೋದೆ. ಅವರು ಬೇಡ ಎನ್ನಲಿಲ್ಲ, ಬರುತ್ತೇನೆ ಎಂದೂ ಹೇಳಲಿಲ್ಲ.

ಅಂಗಡಿಯವರು ಡಬ್ಬವನ್ನು ಬದಲಿಸಿ, ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ಇಳಿಸಿ ಕೊಟ್ಟರು. ಆ ಸಾಲಿಡ್ ಸ್ಟೇಟ್ ಎಂಬುದು ಚೂಯಿಂಗ್ ಗಮ್ಮಿನ ಪಟ್ಟಿಯಷ್ಟು ತೆಳ್ಳಗಿತ್ತು. ಗಟ್ಟಿ ಎನ್ನುವ ಹಾಗೇನೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಅವರು ಜಾಯ್‌ಸ್ಟಿಕ್ ಹಿಡಿದು ಕುಳಿತರು. ನಾನು ಪಕ್ಕದಲ್ಲಿ ಒಂದು ಸ್ಟೂಲು ಎಳೆದುಕೊಂಡೆ. ವಿಮಾನ ಮಂಗಳೂರಿನಿಂದ ಎದ್ದಿತು, ಸಮುದ್ರಕ್ಕೆ ಹೋಗಿ ತಿರುಗಿತು. ಎರ್ಮಾಳು ಬಂತು, ದಡದ ಮನೆಗಳು ಬಂದವು, ಒಂದೊಂದು ತೆಂಗಿನ ಮರವೂ ಬೇರೆಬೇರೆಯಾಗಿ ಕಾಣುತ್ತಿತ್ತು. ಎಲ್ಲೂ ಗಂಜಿ ಇಲ್ಲ. ಕಾಪುವಿನ ಬಂಡೆ ಬಂತು, ಅದರ ಮೇಲೆ ಪಟ್ಟೆಪಟ್ಟೆಯ ಲೈಟ್‌ಹೌಸು ನಿಂತಿತ್ತು. ಇಷ್ಟು ಚಂದವಾಗಿ ನಮ್ಮೂರನ್ನು ನಾನು ಎಂದೂ ಕಂಡಿರಲಿಲ್ಲ.

ಅವರು ವಿಮಾನವನ್ನು ನಿಲ್ಲಿಸಿದರು. ತಲೆಯನ್ನು ಸ್ವಲ್ಪ ಓರೆ ಮಾಡಿ ಪೆಟ್ಟಿಗೆಯ ಕಡೆ ಕಿವಿ ಕೊಟ್ಟರು. ಕಟಕಟ ಎನ್ನಲಿಕ್ಕೆ ಒಳಗೆ ಏನೂ ಇರಲಿಲ್ಲ. ಆಗ ನನಗೆ ತಿಳಿಯಿತು, ಲೋಡ್ ಆಯಿತೇ ಇಲ್ಲವೇ ಎಂದು ಇಷ್ಟು ದಿನ ಅವರು ಸದ್ದಿನಿಂದಲೇ ತಿಳಿದುಕೊಳ್ಳುತ್ತಿದ್ದರು. ಅತ್ತೆಯ ನೆನಪಾಗಿ ಸಂಕಟವಾಯಿತು.

“ಸದ್ದೇ ಇಲ್ಲ. ಲೋಡ್ ಆಯ್ತಾ?” ಎಂದು ಕೇಳಿದರು.

ಇಲ್ಲ ಎಂದು ಹೇಳಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು.

“ಆಯ್ತು” ಎಂದೆ.

“ಯಾವಾಗ?”

“ಆಗಲೇ ಆಯ್ತು. ಎಲ್ಲ ಉಂಟು ಅಲ್ಲಿ.”

ಅವರು ಪರದೆಯನ್ನು ಇನ್ನೊಂದಿಷ್ಟು ಹೊತ್ತು ನೋಡಿದರು. ಆಮೇಲೆ ಜಾಯ್‌ಸ್ಟಿಕ್ಕಿನಿಂದ ಕೈ ತೆಗೆದು, ಕನ್ನಡಕ ಬಿಚ್ಚಿ, ಬನಿಯನ್ನಿನ ತುದಿಯಿಂದ ಒರೆಸಿ ಮಡಿಲಲ್ಲಿ ಇಟ್ಟುಕೊಂಡರು.

“ನಾಳೆ ಮಣಿಪಾಲಕ್ಕೆ ಹೋಗುವ, ಕಣ್ಣಿನ ಡಾಕ್ಟರ ಹತ್ತಿರ” ಎಂದರು. ಮೊಳೆಯಲ್ಲಿ ತೂಗುತ್ತಿದ್ದ ಬೀಗದ ಕೈಯ ಕಡೆ ಮುಖ ಮಾಡಿ ಹೇಳಿದರು. “ಬಸ್ಸಿನಲ್ಲಿ ಹೋಗುವ. ಸ್ಕೂಟರ್ ಬೇಡ.”