ಕಣದಲ್ಲಿ ಒಣಗಿದ ಹಲಸು

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ: ಮರ ಕಡೆಯುವ ಲೇತಿನ ಬಲತುದಿಯಿಂದ ಎರಡೂವರೆ ಅಡಿ ಆಚೆ, ಗೋಡೆಗೆ ಒರಗಿಕೊಂಡು, ಕೈಯಲ್ಲಿ ಕಾಫಿ ಲೋಟ. ಇದು ಅಂದಾಜಿನ ಮಾತಲ್ಲ, ಆಮೇಲೆ ಟೇಪು ಹಿಡಿದು ಅಳೆದಿದ್ದೇನೆ. ಹೊಂಗಡಹಳ್ಳದ ಕಡೆಯ ಒಂದು ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದವನು ನಾನು. ಆಳುಗಳ ಹಾಜರಿ ಬರೆಯುವುದು, ಕಣದಲ್ಲಿ ಹರಡಿದ ಕಾಫಿ ಒಣಗಿತೋ ಇಲ್ಲವೋ ಎಂದು ತೀರ್ಮಾನ ಕೊಡುವುದು ನನ್ನ ಕೆಲಸ. ಕಂಡದ್ದನ್ನು ಕಂಡಷ್ಟೇ ಹೇಳುವ ಅಭ್ಯಾಸ ಅಲ್ಲಿಂದ ಬಂತು. ಆದರೆ ಆ ದಿನದಿಂದ ಈಚೆಗೆ ಮನೆಯಲ್ಲಿ ಮಿಕ್ಸಿ ತಿರುಗಿದರೂ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತೇನೆ. ಇದು ಅಭ್ಯಾಸವಲ್ಲ, ಭಯ.

ಅರವತ್ತು ದಾಟಿದ ಗಂಡಸಿಗೆ ಹವ್ಯಾಸವೊಂದು ಬೇಕು ಎಂದು ನಮ್ಮ ಸಕಲೇಶಪುರದ ಕಡೆ ಈಚೆಗೆ ಗೊತ್ತಾಗಿದೆ. ಮೊದಲು ಇಸ್ಪೀಟು ಸಾಕಾಗುತ್ತಿತ್ತು. ಈಗ ಫೋನಿನಲ್ಲಿ ಯಾವುದೋ ದೇಶದ ಬಿಳಿಗಡ್ಡದವನೊಬ್ಬ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುವ ಮರಕ್ಕೆ ಉಳಿ ಮುಟ್ಟಿಸುತ್ತಾನೆ. ಬೆಣ್ಣೆಯಂತೆ ಸುರುಳಿ ಸುರುಳಿಯಾಗಿ ಸಿಪ್ಪೆ ಏಳುತ್ತದೆ. ಹನ್ನೊಂದು ನಿಮಿಷಕ್ಕೆ ಬಟ್ಟಲು ಸಿದ್ಧ. ಆ ಮರ ಒಣಗಲು ಹಿಡಿದ ಎರಡು ವರ್ಷವನ್ನು ಆ ಹನ್ನೊಂದು ನಿಮಿಷದಿಂದ ಕತ್ತರಿಸಿ ತೆಗೆದಿದ್ದಾರೆ ಎಂದು ನಮಗೆ ಯಾರೂ ಹೇಳಲಿಲ್ಲ.

ಬೆಳಗೋಡಿನ ನನ್ನ ಸ್ನೇಹಿತ ಧರ್ಮಪ್ಪ ಆ ಹನ್ನೊಂದು ನಿಮಿಷ ನೋಡಿಯೇ ಲೇತು ತರಿಸಿದ್ದು. ಕಾಫಿ ಮೂಟೆ ಇಡುವ ಸ್ಟೋರಿನ ಒಂದು ಮೂಲೆಯನ್ನು ತೆರವು ಮಾಡಿ ಅದನ್ನು ಕೂರಿಸಿದ. ಕೂರಿಸಿದ ಎನ್ನುವುದು ಪೂರ್ತಿ ಸರಿಯಲ್ಲ. ಸ್ವಿಚ್ಚು ಹಾಕಿದರೆ ಅದು ಅದುರುತ್ತ ನೆಲದ ಮೇಲೆ ನಡೆಯುತ್ತಿತ್ತು. ಇಂಥದೇ ಹುಚ್ಚು ಹಿಡಿದ ಸುತ್ತಮುತ್ತಲಿನವರ ವಾಟ್ಸಾಪ್ ಗುಂಪೊಂದಿದೆ. ಧರ್ಮಪ್ಪ ಅಲ್ಲಿ ಪರಿಹಾರ ಕೇಳಿದ. ಕಾಲಿಗೆ ಬೋಲ್ಟು ಹಾಕಿ ಎಂದರು ಒಬ್ಬರು. ಬೋಲ್ಟು ಹಾಕಿದರೆ ಬೇರಿಂಗ್ ಹೋಗುತ್ತದೆ, ಮೇಲೆ ಮರಳಿನ ಮೂಟೆ ಹೇರಿ ಎಂದರು ಇನ್ನೊಬ್ಬರು. ಮೂಟೆ ಹೇರಿದ ಮೇಲೆ ಲೇತು ಮೂಟೆಯನ್ನೂ ಹೊತ್ತುಕೊಂಡು ನಡೆಯಿತು. ತಿರುಗುವ ಮರವೇ ಒಂದು ಕಡೆ ಭಾರ, ಒಂದು ಕಡೆ ಹಗುರ ಇದ್ದರೆ ಲೇತು ಪಾಪ ಏನು ಮಾಡೀತು? ಮೊದಲು ಮೂಲೆ ಹೊಡೆದು ಗುಂಡಗೆ ಮಾಡಿಕೊಳ್ಳಬೇಕು, ವೇಗ ತಗ್ಗಿಸಬೇಕು. ಇಷ್ಟು ತಿಳಿಯಲು ನಮಗೆ ಒಂದು ತಿಂಗಳು ಬೇಕಾಯಿತು. ಆ ತಿಂಗಳಲ್ಲಿ ಹುಟ್ಟಿದ್ದು ಒಂದು ಲಟ್ಟಣಿಗೆ. ಅದರ ಒಂದು ತುದಿ ಎಷ್ಟು ದಪ್ಪ ಬಂದಿತ್ತೆಂದರೆ ಧರ್ಮಪ್ಪನ ಹೆಂಡತಿ ಪಾರ್ವತಕ್ಕ ಅದನ್ನು ಬಾಗಿಲಿಗೆ ಒತ್ತು ಕೊಡಲು ಇಟ್ಟುಕೊಂಡರು.

ಅಂಥ ಪಾರ್ವತಕ್ಕ ಒಂದು ಹಲಸಿನ ತುಂಡು ತಂದು ನಮ್ಮ ಕೈಗೆ ಕೊಟ್ಟಿದ್ದು ಇವತ್ತಿಗೂ ನನಗೆ ಆಶ್ಚರ್ಯ. ಆಲೂರಿನ ಹತ್ತಿರ ಅವರ ತವರು. ಅವರ ತಾಯಿ ಹಿತ್ತಿಲಲ್ಲಿ ನೆಟ್ಟಿದ್ದ ಹಲಸು ಗಾಳಿಗೆ ಬಿದ್ದಿತ್ತು. ಅಣ್ಣಂದಿರು ಹಲಗೆ ಕೊಯ್ಸಿಕೊಂಡರು. ಇವರು ಕೇಳಿ ಕಾಂಡದ ತುಂಡೊಂದನ್ನು ಬಸ್ಸಿನಲ್ಲಿ ಹಾಕಿಸಿಕೊಂಡು ಬಂದರು. ಅದರಲ್ಲಿ ದೇವರ ಮುಂದೆ ಹೂವಿಡಲು ಒಂದು ಬಟ್ಟಲು ಆಗಬೇಕು, ಅಷ್ಟೇ.

"ಅವ್ವ ನೆಟ್ಟಿದ್ದು ಕಣ್ರೀ. ಹಾಳಾದ್ರೆ ಅಂಗಡೀಲಿ ಸಿಗಾಕಿಲ್ಲ," ಎಂದು ಗಂಡನಿಗೆ ಹೇಳಿ ಒಳಗೆ ಹೋದರು.

ತುಂಡು ಹಸಿಯಾಗಿತ್ತು, ಅರಿಸಿನದ ಬಣ್ಣ. ಒಣಗಿಸಬೇಕು. ಇಲ್ಲಿ ವಿದ್ವಾಂಸರ ಪ್ರವೇಶವಾಯಿತು. ಒಣಗಿಸುವ ವಿದ್ಯೆಯಲ್ಲಿ ಮಲೆನಾಡಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಹೆಮ್ಮೆ ನಮಗೆ. ತುಂಡು ಕಣಕ್ಕೆ ಹೋಯಿತು. ಕಾಫಿ ಹಣ್ಣಿನ ಮಧ್ಯೆ ಅದಕ್ಕೊಂದು ಜಾಗ. ಕಾಫಿಯನ್ನು ಎಳೆದು ತಿರುವುವಾಗೆಲ್ಲ ಅದನ್ನೂ ಮಗುಚಿ ಹಾಕುವುದು, ಸಂಜೆ ಟಾರ್ಪಾಲು ಹೊದಿಸುವುದು, ಬೆಳಿಗ್ಗೆ ತೆಗೆಯುವುದು. ಒಣಗಿದ ಕಾಫಿಯನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲುಗಿಸಿದರೆ ಗಲಗಲ ಅನ್ನಬೇಕು. ರೈಟರಿಕೆಯ ಮೂಲಪಾಠ ಅದು. ಆರನೆಯ ದಿನ ಹಲಸಿನ ತುಂಡನ್ನೂ ಕಿವಿಯ ಹತ್ತಿರ ಎತ್ತಿ ಅಲುಗಿಸಲಾಯಿತು. ಕಣದಲ್ಲಿ ಕಾಫಿ ಎಳೆಯುತ್ತಿದ್ದ ಕೆಂಚಮ್ಮ ಗೋರೆಯ ಹಿಡಿಗೆ ಗಲ್ಲ ಊರಿ ನಿಂತು ನೋಡಿದಳು.

"ಯಾರ್ ಮಾತಾಡ್ತಾವ್ರೆ ರೈಟ್ರೇ, ಆ ಕಡೆಯಿಂದ?" ಎಂದಳು.

ಸದ್ದೇನೂ ಬರಲಿಲ್ಲ. ಅಂದರೆ ಇನ್ನೂ ಒಣಗಿಲ್ಲ ಎಂದು ಮತ್ತೆ ಮೂರು ದಿನ ಬಿಸಿಲಿಗಿಟ್ಟೆವು. ಒಂಬತ್ತನೆಯ ದಿನ ಮಧ್ಯಾಹ್ನ ಅದು ತಾನಾಗಿಯೇ ಸದ್ದು ಮಾಡಿತು. ತಿರುಳಿನಿಂದ ತೊಗಟೆಯವರೆಗೆ ಬಿರುಕು, ಹತ್ತು ಪೈಸೆ ನಾಣ್ಯ ತೂರುವಷ್ಟು. ಮರದ ನೀರು ಕೊಯ್ದ ತುದಿಗಳಿಂದ ಬೇಗ ಹೋಗುತ್ತದೆ, ಮೈಯಿಂದ ನಿಧಾನ. ತುದಿ ಕುಗ್ಗುತ್ತದೆ, ಒಳಗಿನದು ಕುಗ್ಗುವುದಿಲ್ಲ, ಜಗಳವಾಗಿ ಸೀಳುತ್ತದೆ. ಇದನ್ನು ನಾನು ಈಗ ಬಹಳ ಚೆನ್ನಾಗಿ ವಿವರಿಸಬಲ್ಲೆ.

ಗುಂಪು ಮತ್ತೆ ನೆರವಿಗೆ ಬಂತು. ಬಿರುಕಿಗೆ ಕಾಫಿಪುಡಿ ತುಂಬಿ ಮೇಲೆ ತಕ್ಷಣ ಅಂಟುವ ಗೋಂದು ಹನಿಸಿದರೆ ಕಲ್ಲಿನಂತಾಗುತ್ತದಂತೆ. ಕೂದಲಿನಂಥ ಬಿರುಕಿಗೆ ಹೇಳಿದ ಉಪಾಯ ಅದು. ಆದರೆ ನಮ್ಮ ಗಮನ ಬಿರುಕಿನ ಅಗಲದ ಮೇಲೆ ಇರಲಿಲ್ಲ, ಪುಡಿಯ ಮೇಲೆ ಇತ್ತು. ರೊಬಸ್ಟಾವೋ ಅರೇಬಿಕಾವೋ ಎಂದು ಎರಡು ದಿನ ಚರ್ಚೆ ನಡೆಯಿತು. ಚಿಕೋರಿ ಬೆರೆತಿದ್ದರೆ ಹಿಡಿಯುವುದಿಲ್ಲ ಎಂದು ಮಾರನಹಳ್ಳಿಯವರೊಬ್ಬರು ಎಚ್ಚರಿಸಿದರು. ಕೊನೆಗೆ ಧರ್ಮಪ್ಪ ತನ್ನದೇ ತೋಟದ ಶುದ್ಧ ಅರೇಬಿಕಾ ತುಂಬಿದ. ಪರಿಮಳ ಬಹಳ ಚೆನ್ನಾಗಿತ್ತು.

ಇನ್ನು ಆ ದಿನದ ಮಾತು. ತುಂಡಿನ ಹಿಂಬದಿಗೆ ಕಬ್ಬಿಣದ ತಟ್ಟೆಯನ್ನು ನಾಲ್ಕು ಸ್ಕ್ರೂ ಹಾಕಿ ಬಿಗಿದು ಧರ್ಮಪ್ಪ ಲೇತಿಗೆ ಸಿಕ್ಕಿಸಿದ್ದ. ಎರಡು ಸ್ಕ್ರೂ ಬಿರುಕಿನ ಆಚೆ, ಎರಡು ಈಚೆ. ಮುಖಕ್ಕೆ ಹಾಕುವ ಪ್ಲಾಸ್ಟಿಕ್ ಕವಚ ಮೊಳೆಗೆ ನೇತಾಡುತ್ತಿತ್ತು. ಹಾಕಿಕೊಂಡರೆ ಮಾತಾಡಿದ್ದು ಕೇಳಿಸುವುದಿಲ್ಲವೆಂದು ಧರ್ಮಪ್ಪ ತೆಗೆದಿಟ್ಟಿದ್ದ. ಅವನು ನಿಂತಿದ್ದು ತಿರುಗುವ ಮರದ ಎದುರಿಗೇ. ಹೊರಮೈ ನಯವಾಗಿ ಬಂತು. ಒಳಗೆ ತೋಡತೊಡಗಿದ. ಉಳಿ ಒಂದು ಸಲ ತಡವರಿಸಿತು.

"ವೇಗ ಸಾಲ್ದು ಕಣೋ ಮಾರಾಯ," ಎಂದು ಗುಂಡಿ ತಿರುವಿದ.

ಆಮೇಲೆ ಕೇಳಿದ್ದು ಎರಡು ಸದ್ದು. ಮೊದಲನೆಯದು ಒಂದು ಹೋಳು ಹಾರಿ ಬಡಿದ ಸೂರಿನ ಹೆಂಚಿನದು. ಎರಡನೆಯದು ಹೆಂಚಿನದಲ್ಲ. ಧರ್ಮಪ್ಪ ನಿಂತೇ ಇದ್ದ, ಮುಖದ ಎಡಭಾಗ ಕೆಂಪಾಗಿತ್ತು, ಗಾಳಿಯಲ್ಲಿ ಕಾಫಿಪುಡಿ ತೇಲುತ್ತಿತ್ತು. ಲೇತು ಖಾಲಿ ತಟ್ಟೆಯನ್ನು ಹೊತ್ತು ತಿರುಗುತ್ತಲೇ ಇತ್ತು. ಸ್ವಿಚ್ಚು ನನ್ನ ಕೈಗೆಟಕುವಷ್ಟು ಹತ್ತಿರವಿತ್ತು. ಆದರೂ ಅದನ್ನು ಆರಿಸಿದ್ದು ಧರ್ಮಪ್ಪನೇ, ಒಂದು ಕೈಯಲ್ಲಿ ಕಣ್ಣು ಮುಚ್ಚಿಕೊಂಡು.

ಹುಬ್ಬಿನ ಮೇಲೆ ಮೂರು ಹೊಲಿಗೆ ಬಿತ್ತು. ಒಂದು ಬೆರಳು ಕೆಳಗಾಗಿದ್ದರೆ ಕಣ್ಣು ಹೋಗುತ್ತಿತ್ತು ಎಂದರು ಡಾಕ್ಟರು. ಅವನ ಒತ್ತಾಯಕ್ಕೆ ಒಡೆದ ತುಂಡಿನ ಫೋಟೋವನ್ನು ಆಸ್ಪತ್ರೆಯ ಬೆಂಚಿನಿಂದಲೇ ಗುಂಪಿಗೆ ಹಾಕಿದೆ. ಹದಿನೇಳು ಉತ್ತರ ಬಂದವು. ಉಳಿಯ ಕೋನ ತಪ್ಪು ಎಂದರು, ಕಲ್ಲಿಗೆ ಹಚ್ಚಿ ಮಸೆದದ್ದು ಸಾಲದು ಎಂದರು, ಬಣ್ಣ ಅದ್ಭುತ ಎಂದರು. ಅದರ ಮೇಲಿದ್ದ ರಕ್ತ ಯಾರದು ಎಂದು ಒಬ್ಬರೂ ಕೇಳಲಿಲ್ಲ.

ಮನೆಗೆ ಬಂದಾಗ ಪಾರ್ವತಕ್ಕ ಗಂಡನ ಮುಖವನ್ನು ಬೆಳಕಿಗೆ ತಿರುಗಿಸಿ ಹೊಲಿಗೆ ನೋಡಿದರು, ಕಣ್ಣು ತೆರೆಸಿ ಎಷ್ಟು ಬೆರಳು ಎಂದು ಕೇಳಿದರು. ಅವನು ಸರಿಯಾಗಿ ಹೇಳಿದ. ಆಮೇಲೆ ಎರಡು ಹೋಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತು, ಏನಾಯಿತೆಂದು ನನ್ನನ್ನು ಕೇಳಿದರು. ನಾನು ವಿವರವಾಗಿ ಹೇಳಿದೆ. ಸ್ಕ್ರೂ, ಕವಚ, ಮೊಳೆ, ವೇಗದ ಗುಂಡಿ, ಎದುರಿಗೆ ನಿಂತದ್ದು, ಒಂದನ್ನೂ ಬಿಡಲಿಲ್ಲ. ಧರ್ಮಪ್ಪ ತಲೆ ತಗ್ಗಿಸಿ ಕೇಳುತ್ತಿದ್ದ. ಅವರು ಹೋಳುಗಳನ್ನು ಜೋಡಿಸಿ, ಬಿರುಕಿನ ಉದ್ದಕ್ಕೂ ಹೆಬ್ಬೆರಳು ಎಳೆದರು.

"ಬಿಸಿಲಿಗೆ ಹಾಕಿ ಅಂದೋರ್ಯಾರಣ್ಣ?"

ಧರ್ಮಪ್ಪ ತಲೆ ಎತ್ತಲಿಲ್ಲ. ಅವನು ನನ್ನ ಹೆಸರು ಹೇಳುವುದಿಲ್ಲವೆಂದು ನನಗೆ ಗೊತ್ತಾಯಿತು. ಇಷ್ಟು ಹೊತ್ತು ನಾನು ಕೊಟ್ಟ ಸಾಕ್ಷ್ಯದಲ್ಲಿ ಕೆಲಸ ಮಾಡಿದ್ದೆಲ್ಲ ಅವನು. ಕಣದ ವಿಷಯ ಬಂದಾಗ ಮಾತ್ರ 'ಒಣಗಿಸಲಾಯಿತು' ಎಂದಿದ್ದೆ. ಈ ಬರಹದಲ್ಲೂ ಮೇಲೆ ಹಾಗೆಯೇ ಮಾಡಿದ್ದೇನೆ, ಓದುಗರು ಕ್ಷಮಿಸಬೇಕು.

"ನಾನೇ ಅಂದಿದ್ದು ಅಕ್ಕ," ಎಂದೆ. "ಕಿವೀಗಿಟ್ಟು ನೋಡ್ದೋನೂ ನಾನೇ."

ಅವರು ಎರಡು ಹೋಳನ್ನೂ ಪಕ್ಕಕ್ಕಿಟ್ಟರು. ನಕ್ಕರೋ ಏನೋ, ಸೆರಗು ಬಾಯಿಗೆ ಅಡ್ಡ ಬಂದಿತ್ತಾದ್ದರಿಂದ ಖಚಿತವಾಗಿ ಹೇಳಲಾರೆ.

"ಅವ್ವನ ಮರಾನ ಪೂರ್ತಿ ನಿಮ್ ಕೈಗೆ ಕೊಡಾಕೆ ನನಗೇನು ತಲೆ ಕೆಟ್ಟಿತ್ತಾ?" ಎಂದರು. "ಅರ್ಧ ಅಟ್ಟದ ಮೇಲೈತೆ. ಎರಡು ತುದೀಗೂ ಸೆಗಣಿ ಮೆತ್ತಿ ನೆರಳಲ್ಲಿ ಇಟ್ಟಿವ್ನಿ. ಇನ್ನೊಂದು ಮಳೆಗಾಲ ಕಳೀಬೇಕು. ಅಲ್ಲೀಗಂಟ ಇಬ್ರೂ ಅದರ ತಂಟೆಗೆ ಬರಬ್ಯಾಡಿ."

ಹೀಗೆ ನಮಗೆ ಮರ ಕಡೆಯುವ ಕಲೆಯ ಅತಿ ಕಷ್ಟದ ಭಾಗದ ಅಭ್ಯಾಸ ಶುರುವಾಯಿತು: ಏನೂ ಮಾಡದೆ ಇರುವುದು. ಇದಕ್ಕೆ ಉಳಿ ಬೇಡ, ಕವಚ ಬೇಡ, ಫೋನಿನ ಬಿಳಿಗಡ್ಡದ ದೊರೆಯೂ ಇದನ್ನು ತೋರಿಸುವುದಿಲ್ಲ. ವಾರಕ್ಕೊಮ್ಮೆ ನಾನು ಹೋಗುತ್ತೇನೆ, ಇಬ್ಬರೂ ಅಟ್ಟದ ಕೆಳಗೆ ನಿಂತು ಮೇಲೆ ನೋಡುತ್ತೇವೆ, ಕಾಫಿ ಕುಡಿಯುತ್ತೇವೆ. ಸಾಕಷ್ಟು ಪಳಗಿದ್ದೇವೆ ಎಂದೇ ನನ್ನ ಭಾವನೆಯಾಗಿತ್ತು. ಆದರೆ ಮೊನ್ನೆ ಸೋಮವಾರ ಪಾರ್ವತಕ್ಕ ಸಂತೆಗೆ ಹೋಗಿದ್ದಾಗ ಧರ್ಮಪ್ಪ ಏಣಿ ಹತ್ತಿ, ಬರೀ ಮುಟ್ಟಿ ನೋಡಿ ಇಳಿದ.

ಏಣಿ ಹಿಡಿದುಕೊಂಡಿದ್ದವನು ನಾನು.